ವಾಕ್ಯದ ಮೊದಲಿನಿಂದ

ಅಳಿಸಲು ಸಾಧ್ಯವಾಗಲಿಲ್ಲ ಎಂದು ಪರದೆ ಮತ್ತೊಮ್ಮೆ ಹೇಳಿದಾಗ ಅವನಿಗೆ ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ಒಂದು ಬಗೆಯ ನಿರಾಳ ಬಂತು, ಆ ನಿರಾಳವನ್ನು ಗುರುತಿಸಿಕೊಂಡು ನಾಚಿಕೆಯಾಯಿತು. ಅಂಗೈಯಗಲದ ಕಪ್ಪು ಡ್ರೈವು ಮೇಜಿನ ಮೇಲೆ ಬೆಚ್ಚಗೆ ಕೂತಿತ್ತು. ಅದರ ಮೂತಿಯಲ್ಲಿದ್ದ ಪುಟ್ಟ ನೀಲಿ ದೀಪ ಮಿಣುಕುತ್ತಿತ್ತು. ಹೆಂಡತಿ ತನ್ನಕ್ಕನ ಜೊತೆ ಆಸ್ಪತ್ರೆಗೆ ಹೋಗಿದ್ದಳು, ಗಂಟಲು ತೋರಿಸಿಕೊಂಡು ಸಂಜೆಯೊಳಗೆ ಬರುವವಳು. ಬಂದು ಕೈಕಾಲು ತೊಳೆದುಕೊಂಡು ಈ ಮೇಜಿನ ಎದುರು ಕೂರುವವಳು. ಅಷ್ಟರೊಳಗೆ ಇದು ಅಳಿಸಿಹೋಗಿರಬೇಕು. ಹೋಗಿದ್ದರೆ, ‘ಅಯ್ಯೋ, ಕೈತಪ್ಪಿ ಹೊರಟುಹೋಯ್ತು ಕಣೇ’ ಎಂದು ಹಣೆ ಚಚ್ಚಿಕೊಳ್ಳಬಹುದು. ಹಣೆ ಚಚ್ಚಿಕೊಳ್ಳುವುದನ್ನು ಅವನು ಬೆಳಗಿನಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ, ಒಂದೆರಡು ಸಲ ಕೈಯೂ ಎದ್ದಿತ್ತು. ಆದರೆ ಡ್ರೈವು ತೆರೆಯಲೂ ಒಲ್ಲೆ, ಅಳಿಸಿಕೊಳ್ಳಲೂ ಒಲ್ಲೆ ಎಂದು ಹಟ ಹಿಡಿದಿತ್ತು. ಡಿಸ್ಕ್ ಬಳಕೆಯಲ್ಲಿದೆ ಎನ್ನುತ್ತಿತ್ತು ಕಂಪ್ಯೂಟರು. ಯಾರು ಬಳಸುತ್ತಿದ್ದಾರೆ, ಮನೆಯಲ್ಲಿ ನಾನೊಬ್ಬನೇ ಇದ್ದೇನಲ್ಲ ಎಂದು ಅವನು ಗಟ್ಟಿಯಾಗಿಯೇ ಹೇಳಿದ.

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅವಳು ಪೆನ್ಸಿಲಿನಿಂದ ಮೇಜು ತಟ್ಟಿ ಅವನನ್ನು ತನ್ನತ್ತ ತಿರುಗಿಸಿಕೊಂಡು, ಸದ್ದಿಲ್ಲದ ತುಟಿಗಳಲ್ಲಿ ನಿಧಾನವಾಗಿ ಹೇಳಿದ್ದಳು. ಅದು ಸ್ಟುಡಿಯೋದ ಡ್ರೈವು ಅಲ್ವಾ, ಹೊಸದಾಗಿ ಓದೋಕೆ ಬಂದಿರೋಳಿಗೆ ಬೇಕಂತೆ, ಕೊಟ್ಬಿಡೋಣ. ಅಳಿಸೋ ಮುಂಚೆ ಆ ಕೊನೇದನ್ನ ಒಂದ್ಸಲ ಇಬ್ರೂ ಕೂತು ಕೇಳೋಣ. ಇಷ್ಟು ದಿನ ಬೇಡ ಅನ್ನಿಸ್ತಿತ್ತು. ಈಗ ಕೇಳ್ಬಹುದು. ಅವಳ ತುಟಿ ಓದುವುದು ಅವನಿಗೀಗ ಸಲೀಸಾಗಿತ್ತು, ಇವತ್ತು ಮಾತ್ರ ತಪ್ಪು ಓದಿರಬಾರದೇ ಎನಿಸಿತು. ‘ಆಗಲಿ, ಸಂಜೆ ಕೇಳೋಣ’ ಎಂದುಬಿಟ್ಟಿದ್ದ. ಅವಳು ಹೊರಡುವಾಗ ಎಂದಿನಂತೆ ಹೊಸ್ತಿಲ ಮೇಲೆ ನಿಂತಳು. ಅಕ್ಕ ಆಗಲೇ ಗೇಟು ದಾಟಿ ರಸ್ತೆಯಲ್ಲಿದ್ದರೂ ಇವಳು ನಿಂತೇ ಇದ್ದಳು. ಆಪರೇಷನ್ ಆದಮೇಲೆ ಅಂಟಿಕೊಂಡ ಅಭ್ಯಾಸ ಇದು, ಪಕ್ಕದ ಅಂಗಡಿಗೆ ಹೋಗುವುದಿದ್ದರೂ ನಿಲ್ಲುತ್ತಾಳೆ, ಅವನು ಬಾಯಿಬಿಟ್ಟು ‘ಹೋಗಿ ಬಾ’ ಎನ್ನುವವರೆಗೆ ಕಾಲು ಎತ್ತುವುದಿಲ್ಲ. ಅವನು ಸ್ನಾನಕ್ಕೆ ಹೋಗಿದ್ದರೆ ಬರುವತನಕ ಕಾಯುತ್ತಾಳೆ. ಏನು ಶಾಸ್ತ್ರವೋ ಇವಳದ್ದು ಎಂದು ಅವನಿಗೆ ಕೆಲವೊಮ್ಮೆ ರೇಗುತ್ತಿತ್ತು. ‘ಹೋಗಿ ಬಾ’ ಎಂದ. ಅವಳು ನಕ್ಕು ಹೋದಳು.

ಕುರುಡರಿಗಾಗಿ ಪುಸ್ತಕಗಳನ್ನು ಓದಿ ದಾಖಲಿಸುವ ಸ್ಟುಡಿಯೋದಲ್ಲಿ ಅವಳು ಓದುವವಳು, ಅವನು ಕೇಳುವವನು. ಗಾಜಿನ ಆಚೆ ಅವಳು, ಈಚೆ ಅವನು, ಇಬ್ಬರ ಮುಂದೂ ಅದೇ ಪುಸ್ತಕ. ಅವಳು ತಪ್ಪಿದರೆ ಅವನು ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಒಮ್ಮೆ ತಟ್ಟಬೇಕು. ಅವಳ ಕಿವಿಯಲ್ಲಿ ಟಕ್ ಎನ್ನುತ್ತದೆ. ತಪ್ಪು ಯಾವುದು, ಎಲ್ಲಿ ಎಂದು ಹೇಳುವಂತಿಲ್ಲ, ಮಾತಾಡಿದರೆ ಓದುವವರ ಲಯ ಕೆಡುತ್ತದೆ. ಟಕ್ ಎಂದರೆ ವಾಕ್ಯದ ಮೊದಲಿನಿಂದ ಮತ್ತೆ. ಪೆನ್ಸಿಲು ಸುಮ್ಮನಿದ್ದರೆ ಸರಿ. ಹೊಗಳುವುದಕ್ಕೆ ಬೇರೆ ಸದ್ದು ಇರಲಿಲ್ಲ. ಮದುವೆಯಾದಾಗ, ಬಡಪಾಯಿ ಇನ್ನು ಜೀವಮಾನವಿಡೀ ಟಕ್ ಟಕ್ ಅನ್ನಿಸಿಕೊಳ್ಳಬೇಕಲ್ಲ ಎಂದು ಸ್ಟುಡಿಯೋದವರೆಲ್ಲ ಅವಳನ್ನು ರೇಗಿಸಿದ್ದರು. ಆದದ್ದು ತಿರುಗಾಮುರುಗ. ತಡವಾಗಿ ಬಂದು ಅವನು ಏನಾದರೂ ನೆಪ ಹೇಳಿದರೆ ಅವಳು ಚಮಚದಿಂದ ತಟ್ಟೆಗೆ ಟಕ್ ಎನ್ನಿಸುತ್ತಿದ್ದಳು, ಅವನು ನಗುತ್ತ ನೆಪವನ್ನು ಮೊದಲಿನಿಂದ ಹೇಳುತ್ತಿದ್ದ. ಅವನಿಗೊಂದು ಹೆಮ್ಮೆಯಿತ್ತು. ಅಷ್ಟು ವರ್ಷ ಅಷ್ಟು ಪುಸ್ತಕ ಕೇಳಿದರೂ ಒಂದರ ಅರ್ಥವೂ ತನ್ನ ತಲೆಗೆ ಹೋಗಿಲ್ಲ, ಅರ್ಥ ಹೊಕ್ಕರೆ ಕಿವಿ ಕೆಡುತ್ತದೆ ಎಂದು ಹೊಸಬರಿಗೆ ಉಪದೇಶ ಮಾಡುತ್ತಿದ್ದ. ದನಿ ಕೇಳಬೇಕು, ಮಾತು ಕೇಳಬಾರದು. ಆಗ ಎಲ್ಲರೂ ತಲೆಯಾಡಿಸಿದ್ದರು.

ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಮಾತು ಕಲಿಸುವ ಥೆರಪಿಸ್ಟ್ ಹೆಂಗಸು ಒಂದು ಉಪಾಯ ಹೇಳಿದ್ದಳು. ದನಿ ಇರೋವಾಗ್ಲೇ ಮನೆಯ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಮುಂದೆ ಯಂತ್ರಕ್ಕೆ ಕೊಟ್ರೆ ಅದು ನಿಮ್ಮ ದನೀಲೇ ಮಾತಾಡತ್ತೆ. ಸ್ಟುಡಿಯೋದವರು ಡ್ರೈವು ಕೊಟ್ಟರು. ಗಂಡ ಹೆಂಡತಿ ಸೇರಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದರು, ಗುಂಯ್ ಅನ್ನುತ್ತದೆಂದು ಫ್ರಿಜ್ಜು ಆರಿಸಿದರು, ಆರಿಸಿದ್ದು ಮರೆತು ಹಾಲೆಲ್ಲ ಒಡೆದುಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಎಲ್ಲವೂ ನೇರ ಡ್ರೈವಿಗೇ ಹೋಯಿತು. ಬಾಗಿಲು ಹಾಕಿದ್ರಾ. ಬಿಸಿ ಇದೆ, ಆರಿಸಿಕೊಂಡು ಕುಡೀರಿ. ರೀ, ಫೋನು. ಒಡೆದ ಹಾಲಿನ ಮೇಲೆ ಅವಳು ಮಾಡಿದ ಗಲಾಟೆಯೂ ಅದರಲ್ಲಿತ್ತು. ಕೊನೆಯ ದಿನ ಅವನಿಗೆ ಹೆದರಿಕೆ ಹತ್ತಿತು, ದನಿ ಕದ್ದು ಮೋಸ ಮಾಡುವವರ ಸುದ್ದಿಯನ್ನು ಎಲ್ಲೋ ಓದಿದ್ದ. ಡ್ರೈವಿಗೆ ಬೀಗ ಹಾಕುತ್ತೇನೆ, ಪಾಸ್‌ವರ್ಡ್ ನೀನೇ ಹೇಳು ಎಂದ. ಸ್ಟುಡಿಯೋದ ಪದ್ಧತಿಯಲ್ಲಿ ಕಾಗದಕ್ಕೆ ಜಾಗವಿಲ್ಲ, ಪುಸ್ತಕದ ಹೆಸರು, ಪುಟ, ಓದುವವರ ಹೆಸರು ಎಲ್ಲವನ್ನೂ ದಾಖಲೆಯ ತಲೆಯಲ್ಲೇ ಬಾಯಲ್ಲಿ ಹೇಳಿಡುವುದು. ಅವಳು ಕೋಣೆಯ ಸುತ್ತ ಕಣ್ಣು ಹಾಯಿಸಿ, ಕಂಡ ನಾಲ್ಕು ವಸ್ತುಗಳ ಹೆಸರನ್ನು ಮೈಕಿನೊಳಗೆ ಘನವಾಗಿ ಓದಿದಳು. ಅವನು ಅದನ್ನು ಕೀಲಿಮಣೆಯಲ್ಲಿ ಒತ್ತಿದ, ಮತ್ತೊಮ್ಮೆ ಓದಿಸಿ ಮತ್ತೊಮ್ಮೆ ಒತ್ತಿದ. ಬೆರಳುಗಳು ಒತ್ತುತ್ತಿದ್ದವು, ಕಣ್ಣು ಅವಳ ಗಂಟಲಿನ ಮೇಲಿತ್ತು, ನಾಳೆ ಈ ಹೊತ್ತಿಗೆ ಇರದ ಗಂಟಲಿನ ಮೇಲೆ. ಹೇಗೂ ದಾಖಲೆಯಲ್ಲಿದೆಯಲ್ಲ ಎಂಬ ಧೈರ್ಯ. ಆ ದಾಖಲೆ ಡ್ರೈವಿನ ಒಳಗಿತ್ತು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಅದುಮಿ ಬೀಗ ಹಾಕಿದವನ ಹಾಗೆ ಅವನು ಎದ್ದು ಮೈಮುರಿದಿದ್ದ.

ಆಮೇಲೆ ಅವಳು, ಸ್ವಲ್ಪ ಬಿಸಿನೀರು ತರ್ತೀರಾ ಎಂದು ಅವನನ್ನು ಒಳಗೆ ಕಳಿಸಿದಳು. ನೀರು ಕಾಯಿಸಿ ತಂದಾಗ ಹೆಡ್‌ಫೋನ್ ತೆಗೆದು ಮಡಚಿಡುತ್ತಿದ್ದಳು. ‘ಕೊನೇಲಿ ನಿಮಗೆ ಅಂತ ಒಂದು ಮಾತಿದೆ. ಇವತ್ತು ರಾತ್ರಿ ಒಬ್ಬರೇ ಕೇಳಿ. ಕೇಳಿ ಬೆಳಿಗ್ಗೆ ಹೇಳಿ’ ಎಂದಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಮನೆಗೆ ಬಂದು ಡ್ರೈವು ಜೋಡಿಸಿದರೆ ಅದು ಪಾಸ್‌ವರ್ಡ್ ಕೇಳಿತು. ಕಿಟಕಿ, ಛತ್ರಿ, ಬಕೆಟ್ಟು. ಮೂರು ನೆನಪಾಯಿತು. ನಾಲ್ಕನೆಯದು? ಗೋಡೆ ಗಡಿಯಾರ, ಕುರ್ಚಿ, ಕಂಬಳಿ, ದೀಪ, ಚಪ್ಪಲಿ, ಬಾಗಿಲು, ಒಂದೊಂದನ್ನೇ ಕೊಟ್ಟು ನೋಡಿದ, ಹಿಂದುಮುಂದು ಮಾಡಿ ಕೊಟ್ಟ. ಇರಲಿ, ಬೆಳಿಗ್ಗೆ ಅವಳನ್ನೇ ಕೇಳಿ, ಓಡಿಬಂದು ಕೇಳಿಸಿಕೊಂಡು ಹೋದರಾಯಿತು ಎಂದುಕೊಂಡ. ಬೆಳಿಗ್ಗೆ ಹೋಗುವಷ್ಟರಲ್ಲಿ ಅವಳನ್ನು ತಳ್ಳುಗಾಡಿಯ ಮೇಲೆ ಮಲಗಿಸಿಯಾಗಿತ್ತು. ಎಲ್ಲಿ ಹೋಗಿದ್ರಿ, ಸಹಿ ಹಾಕೋರು ಇಲ್ಲದೆ ಕಾಯ್ತಾ ಇದೀವಿ ಎಂದು ನರ್ಸು ಎಲ್ಲರೆದುರು ಗದರಿಸಿದಳು. ಸಹಿ ಹಾಕಿ ಅವನು ಗಾಡಿಯ ಜೊತೆ ಓಡುತ್ತಿದ್ದ. ಅವಳು ಅವನ ಅಂಗಿಯ ತುದಿ ಹಿಡಿದು, ‘ಕೇಳಿದ್ರಾ?’ ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ‘ಕೇಳಿದೆ’ ಎಂದ. ‘ಏನು ಹೇಳ್ತೀರಿ?’ ಬಾಗಿಲು ತೆರೆದಿತ್ತು, ಹಸಿರು ಬಟ್ಟೆಯವರು ಒಳಗೆಳೆಯುತ್ತಿದ್ದರು. ‘ಏನೂ ಯೋಚನೆ ಮಾಡ್ಬೇಡ. ಹೋಗಿ ಬಾ’ ಎಂದ. ಅವಳು ಅವನನ್ನು ಒಂದು ಕ್ಷಣ ನೋಡಿದಳು. ‘ಸರಿ’ ಎಂದಳು. ಆ ದನಿಯಲ್ಲಿ ಅದೇ ಕೊನೆಯ ಮಾತಾಯಿತು, ಅದು ಯಾವ ಡ್ರೈವಿನಲ್ಲೂ ಇಲ್ಲ.

ಅಲ್ಲಿಂದಾಚೆಗೆ ಕೇಳುವುದೆಂತು? ಪಾಸ್‌ವರ್ಡ್ ಏನಿತ್ತೇ ಎಂದು ಕೇಳಿದರೆ, ಹಾಗಾದರೆ ನನ್ನ ಮಾತಿಗೆ ಉತ್ತರ ಕೊಟ್ಟದ್ದು ಹೇಗೆ ಎಂದು ಅವಳು ಕೇಳುತ್ತಾಳೆ. ಗಾಯ ಮಾಯಲಿ ಎಂದು ಬಿಟ್ಟ, ಮಾದ ಮೇಲೆ ಹೊಲಿಗೆ ಬಿಚ್ಚಲಿ ಎಂದು ಬಿಟ್ಟ. ಥೆರಪಿಸ್ಟ್ ‘ರೆಕಾರ್ಡಿಂಗ್ ತಂದ್ರಾ’ ಎಂದರೆ ‘ಅವಳಿಗೇ ಇಷ್ಟ ಇಲ್ಲ’ ಎಂದು ಹೆಂಡತಿಯ ಮೇಲೆ ಹಾಕಿದ. ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿದ್ದವನು ಡ್ರೈವನ್ನೂ ಅವನ ಮುಖವನ್ನೂ ನೋಡಿ ‘ನಿಮ್ದೇ ತಾನೆ ಇದು?’ ಎಂದ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದಕ್ಕಿಂತ ಸಹಿಸಲಾಗದ್ದು ಅವಳ ಅಕ್ಕರೆ. ದನಿ ಹೋದವಳು ಸಿಡುಕುತ್ತಾಳೆ, ಅಳುತ್ತಾಳೆ, ತಯಾರಾಗಿರಿ ಎಂದು ಎಲ್ಲರೂ ಹೇಳಿದ್ದರು. ಇವಳು ಹೊಸ ಮದುವಣಗಿತ್ತಿಯ ಹಾಗೆ ಅವನ ಹಿಂದೆಮುಂದೆ ಸುಳಿದಳು. ನಿದ್ದೆಯಲ್ಲಿ ಅವಳ ಕೈ ಬಂದು ಅವನ ತೋಳಿನ ಮೇಲೆ ಕೂರುತ್ತಿತ್ತು. ಕುತ್ತಿಗೆಯ ತೂತಿನಿಂದ ಉಸಿರು ಸುಯ್ ಎನ್ನುತ್ತಿದ್ದಾಗ ಅವನು ಕಣ್ಣುಬಿಟ್ಟುಕೊಂಡು ಮಲಗಿರುತ್ತಿದ್ದ. ತಾನು ಯಾವುದಕ್ಕೆ ಏನೆಂದು ಉತ್ತರ ಕೊಟ್ಟೆ? ಇವಳು ಯಾವ ಉಪಕಾರ ತೀರಿಸುತ್ತಿದ್ದಾಳೆ? ಯಾರದೋ ಹೆಸರಿಗೆ ಬಂದ ಉಡುಗೊರೆಯನ್ನು ಬಿಚ್ಚಿ ಬಳಸುತ್ತಿರುವವನ ಕಳವಳ ಅವನದು.

ಮಧ್ಯಾಹ್ನ ಜಾರುತ್ತಿತ್ತು. ಕಂಪ್ಯೂಟರು ಆರಿಸಿ ಹಚ್ಚಿದ, ತಂತಿ ಬದಲಾಯಿಸಿದ. ಅಳಿಸು ಎಂದರೆ ಪಟ್ಟಿ ಅರ್ಧ ತುಂಬಿ ನಿಂತು ಅದೇ ಮಾತು, ಡಿಸ್ಕ್ ಬಳಕೆಯಲ್ಲಿದೆ. ಕಲ್ಲಿನಿಂದ ಜಜ್ಜಿಬಿಡಲೇ ಎನಿಸಿತು, ಜಜ್ಜಿದ ಡ್ರೈವನ್ನು ಕೈತಪ್ಪಿತು ಎನ್ನಲಾಗದು. ಕೊನೆಗೆ ಸ್ಟುಡಿಯೋದ ರೆಕಾರ್ಡಿಂಗ್ ಎಂಜಿನಿಯರಿಗೆ ಫೋನು ಹಚ್ಚಿದ. ಕೊರಳಲ್ಲಿ ಸದಾ ವೈರು ಸುತ್ತಿಕೊಂಡಿರುವ ಅವನನ್ನು ಎಲ್ಲರೂ ವೈರಣ್ಣ ಎನ್ನುತ್ತಾರೆ. ಇವನ ಹೆಂಡತಿಯನ್ನು ಅಕ್ಕ ಎನ್ನುವುದರಿಂದ ಇವನನ್ನು ಭಾವ ಎನ್ನುತ್ತಾನೆ.

‘ಏನ್ ಭಾವ, ಅಪರೂಪ!’

‘ಆ ಡ್ರೈವು ವಾಪಸ್ ಕೊಡೋಣ ಅಂತ ಕಣಯ್ಯ. ಅಳಿಸೋಕೇ ಆಗ್ತಿಲ್ಲ. ಪಾಸ್‌ವರ್ಡ್ ಹಾಕಿದ್ದೆ. ಅದನ್ನ ಕೊಡದೆ ಅಳಿಸೋಕಾಗಲ್ವೇನೋ...’

ವೈರಣ್ಣ ನಕ್ಕ. ‘ತೆರೆಯೋಕೆ ಪಾಸ್‌ವರ್ಡ್ ಬೇಕು ಭಾವ, ಅಳಿಸೋಕೆ ಯಾಕೆ ಬೇಕು? ಹಾಳು ಮಾಡೋಕೆ ಯಾರ ಅಪ್ಪಣೇನೂ ಬೇಡ. ಕಂಪ್ಯೂಟರು ತಾನೇ ಬ್ಯಾಕಪ್ ತೆಗೀತೀನಿ ಅಂತ ಅದನ್ನ ಹಿಡ್ಕೊಂಡಿರತ್ತೆ, ಮೊದಲು ಬ್ಯಾಕಪ್ ಆಫ್ ಮಾಡಿ. ಆಮೇಲೆ ಎಡಗಡೆ ಪಟ್ಟೀಲಿ ನೀವು ಒಳಗಿನ ಸಾಲು ಒತ್ತಿರ್ತೀರಿ. ಅದಲ್ಲ, ಅದರ ತಲೆ ಮೇಲೆ ಇಡೀ ಡ್ರೈವಿನ ಹೆಸರಿರತ್ತಲ್ಲ, ಅದನ್ನ ಒತ್ತಿ. ಹತ್ತು ಎಣಿಸೋದ್ರೊಳಗೆ ಸ್ವಚ್ಛ.’ ಆಮೇಲೆ ದನಿ ತಗ್ಗಿಸಿ ಕೇಳಿದ, ‘ಅಕ್ಕನ ದನಿ ಒಂದು ಕಾಪಿ ಇಟ್ಕೊಂಡಿದೀರ ತಾನೆ?’

‘ಇದೆ ಇದೆ’ ಎಂದ ಅವನು. ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಹೇಳಿದ ಹಾಗೆ ಮಾಡಿದ. ಇಷ್ಟು ಹೊತ್ತು ಮಾತು ಕೇಳದಿದ್ದ ‘ಅಳಿಸು’ ಗುಂಡಿ ಈಗ ಕಣ್ಣು ಕುಕ್ಕುವ ಹಾಗೆ ಎದ್ದು ಕಂಡಿತು. ಒತ್ತಿದರೆ ಮುಗಿಯಿತು. ಮೌಸಿನ ಮೇಲೆ ಬೆರಳಿಟ್ಟು ಕೂತ. ಇದರೊಳಗೆ ಅವಳು ತನಗೆಂದೇ ಹೇಳಿದ್ದೊಂದಿದೆ, ಅದನ್ನು ಭೂಮಿಯ ಮೇಲೆ ಬೇರೆ ಯಾರೂ ಕೇಳಿಲ್ಲ, ತಾನೂ ಕೇಳಿಲ್ಲ. ಆ ಒಡೆದ ಹಾಲಿನ ಗಲಾಟೆ. ರೀ, ಫೋನು. ಒತ್ತು, ಹೇಡಿ, ಒತ್ತು ಎಂದುಕೊಂಡ. ಗೇಟು ಕಿರುಗುಟ್ಟಿತು. ಹೆಂಡತಿ ತನ್ನಕ್ಕನನ್ನು ಬೀಳ್ಕೊಟ್ಟು ಬರುವ ಚಪ್ಪಲಿಯ ಸದ್ದು, ಬಚ್ಚಲಿನಲ್ಲಿ ನೀರಿನ ಸದ್ದು. ಅವಳು ಮುಖ ಒರೆಸಿಕೊಂಡು ಬಂದು ಎದುರಿನ ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೇ ಹಾಕಿಕೊಂಡು ಕೂತಳು. ಕೂದಲಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದಳು. ಹಾಕಿ ಎಂದು ಗದ್ದ ಎತ್ತಿದಳು. ಅವಳ ಮುಖದಲ್ಲಿ, ಸ್ಟುಡಿಯೋದಲ್ಲಿ ಕೆಂಪು ದೀಪ ಹೊತ್ತುವ ಮೊದಲು ಇರುತ್ತಿದ್ದ ಆ ಪುಟ್ಟ ಗಾಬರಿ ಇತ್ತು. ಒಳ್ಳೆಯ ಸೀರೆ ಉಟ್ಟಿದ್ದಳು. ಆಸ್ಪತ್ರೆಗೆಂದು ಯಾರೂ ಉಡದ ಸೀರೆ ಅದು ಎಂದು ಅವನಿಗೆ ಈಗ ಹೊಳೆಯಿತು.

‘ಡ್ರೈವು ಸ್ವಲ್ಪ ಕೆಟ್ಟಿದೆ ಅನ್ಸತ್ತೆ’ ಎಂದ.

ಅವಳು ತಮಾಷೆಗೆಂಬಂತೆ ಮೇಜಿಗೆ ತಟ್ಟಿದಳು. ಟಕ್.

‘ಪಾಸ್‌ವರ್ಡ್ ತಗೋತಿಲ್ಲ, ಬೆಳಿಗ್ಗೆಯಿಂದ.’

ಟಕ್. ನಗು ಕಡಿಮೆಯಾಗಿತ್ತು.

‘ಪಾಸ್‌ವರ್ಡ್ ಮರೆತುಹೋಗಿದೆ. ನೆನಪಿತ್ತು, ಮೊನ್ನೆ ಮೊನ್ನೆವರೆಗೂ...’

ಟಕ್.

ಅವಳಿಗೆ ಎಲ್ಲಿ ತಪ್ಪು ಎಂದು ಗೊತ್ತಿರಲಾರದು. ಬರೀ ದನಿ ಕೇಳುತ್ತಿದ್ದಳು, ಅವನೇ ಕಲಿಸಿದ ಹಾಗೆ. ಅವನು ಮೇಜಿನಂಚನ್ನು ಹಿಡಿದುಕೊಂಡ. ‘ನಾನು ಅದನ್ನ ಕೇಳೇ ಇಲ್ಲ. ಆ ರಾತ್ರೀನೇ ತೆರೆಯೋಕಾಗ್ಲಿಲ್ಲ. ನಾಲ್ಕನೇ ಮಾತು ಮರೆತುಹೋಗಿತ್ತು. ಒಂದಕ್ಷರಾನೂ ಕೇಳಿಲ್ಲ. ಕೇಳಿದೆ ಅಂತ ನಿನಗೆ ಸುಳ್ಳು ಹೇಳ್ದೆ.’

ಪೆನ್ಸಿಲು ಸುಮ್ಮನಿತ್ತು. ಕುತ್ತಿಗೆಯ ಉಸಿರಿನ ಸದ್ದೂ ನಿಂತಿತ್ತು. ಎಷ್ಟು ತಿಂಗಳ ನಂತರ ಒಂದು ವಾಕ್ಯ ಟಕ್ಕಿಲ್ಲದೆ ದಾಟಿತು ಎಂದು ಅವನ ಎದೆ ಹಗುರಾಯಿತು, ಆ ಹಗುರದಲ್ಲಿ ಅವನಿಗೆ ಮಾತು ಬಂದುಬಿಟ್ಟಿತು. ಗಳಗಳ ಹೇಳಿಕೊಂಡ, ನರ್ಸು ಗದರಿಸಿದ್ದು, ರಿಪೇರಿಯವನು ಕಳ್ಳನ ಹಾಗೆ ನೋಡಿದ್ದು. ‘ಕಿಟಕಿ, ಛತ್ರಿ, ಬಕೆಟ್ಟು, ಇಷ್ಟು ಗೊತ್ತು. ಈ ಕೋಣೆಯಲ್ಲಿ ಕೊಟ್ಟು ನೋಡದೆ ಇರೋ ಸಾಮಾನೇ ಇಲ್ಲ ಕಣೇ. ಮೊಳೇನೂ ಬಿಟ್ಟಿಲ್ಲ.’

ಅವಳು ಅವನನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ, ಪೆನ್ಸಿಲಿನ ತುದಿಯಿಂದ ಅವನ ಕನ್ನಡಕದ ಗಾಜನ್ನು ಮೆಲ್ಲಗೆ ಮುಟ್ಟಿದಳು.

ಕನ್ನಡಕ. ಮೂಗಿನ ಮೇಲೆ ಇಟ್ಟುಕೊಂಡೇ ಇಡೀ ಕೋಣೆ ಹುಡುಕಿದ್ದ. ‘ನಿನಗೆ ನೆನಪಿತ್ತಾ?’ ಅವಳು ಹೌದೆಂದು ತಲೆಯಾಡಿಸಿದಳು. ಕೇಳಿದ್ದರೆ ಯಾವತ್ತು ಬೇಕಾದರೂ ಹೇಳುತ್ತಿದ್ದಳು, ತಳ್ಳುಗಾಡಿಯ ಮೇಲೆ ಮಲಗಿಯೂ ಹೇಳುತ್ತಿದ್ದಳು. ‘ತಡಿ, ಈಗ್ಲೇ ತೆಗೀತೀನಿ, ಕೇಳೋಣ, ಇಬ್ರೂ ಕೇಳೋಣ’ ಎಂದು ಅವನು ಕೀಲಿಮಣೆಗೆ ಬಾಗಿದ. ಅಷ್ಟರಲ್ಲಿ ಅವಳ ಕೈ ಮೌಸಿನ ಮೇಲಿತ್ತು. ಅಳಿಸು ಎಂದು ಬರೆದದ್ದನ್ನು ಅವಳು ಓದಿದಳು, ಓದುವುದೇ ಅವಳ ಕಸುಬು. ಒತ್ತಿದಳು. ಅವನು ‘ಏ, ಏ’ ಎನ್ನುವುದರೊಳಗೆ ಪಟ್ಟಿ ಅರ್ಧದಲ್ಲಿ ನಿಲ್ಲದೆ ಕೊನೆಯವರೆಗೂ ತುಂಬಿತು. ಮುಗಿಯಿತು ಎಂದಿತು ಪರದೆ. ಡ್ರೈವಿನ ಹೊಸ ಹೆಸರಿನ ಜಾಗ ಖಾಲಿಯಿತ್ತು.

‘ಯಾಕೆ ಹಾಗೆ ಮಾಡ್ದೆ?’ ಅವನ ದನಿ ಒಡೆಯಿತು. ‘ಏನಿತ್ತು ಅದರಲ್ಲಿ?’

ಅವಳು ಅವನ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. ದಾಖಲೆಗೆ ಓದುವಾಗಿನಂತೆ, ಅವಸರವಿಲ್ಲದೆ, ತುಟಿಗಳು ಅಲುಗಿದವು. ನನಗೆ ಆಪರೇಷನ್ ಬೇಡ ಅಂದಿದ್ದೆ. ಇರೋಷ್ಟು ದಿನ ದನಿ ಇಟ್ಕೊಂಡೇ ಇರ್ತೀನಿ, ಬೆಳಿಗ್ಗೆ ಬಂದು ಮನೆಗೆ ಕರ್ಕೊಂಡು ಹೋಗಿ ಅಂದಿದ್ದೆ. ಆಮೇಲೆ, ದನಿ ಇಲ್ಲದಿದ್ರೂ ನಾನು ನಿಮಗೆ ಬೇಕು ಅಂತಿದ್ರೆ ಮಾತ್ರ, ಹೋಗಿ ಬಾ ಅನ್ನಿ, ಹೋಗಿ ಬರ್ತೀನಿ ಅಂದಿದ್ದೆ. ತುಟಿಗಳು ನಿಂತವು. ಮತ್ತೆ ಅಲುಗಿದವು. ನೀವು ಅಂದ್ರಿ.

ಹೊಸ್ತಿಲ ಮೇಲೆ ಅವಳು ನಿಂತಿರುತ್ತಿದ್ದದ್ದು ಅವನ ಕಣ್ಣಿಗೆ ಕಟ್ಟಿತು. ಪ್ರತಿ ದಿನ, ಪಕ್ಕದ ಅಂಗಡಿಗೆ ಹೋಗುವಾಗಲೂ. ಅವಳು ಬದುಕಿದ್ದು ಅದರ ಮೇಲೆ, ಯಾರಾದರೂ ಯಾರಿಗಾದರೂ ಬಾಗಿಲಲ್ಲಿ ಹೇಳುವ ಆ ಒಂದು ಮಾತಿನ ಮೇಲೆ. ಅದನ್ನು ಅವನು ಈಗಷ್ಟೇ, ಸತ್ಯ ಹೇಳಿ, ಎದೆ ಹಗುರ ಮಾಡಿಕೊಂಡು, ಅವಳ ಕೈಯಿಂದ ಕಿತ್ತುಕೊಂಡಿದ್ದ. ಹೇಳದೆ ಗುಂಡಿ ಒತ್ತಿದ್ದರೆ ಅವಳು ನಾಳೆಯೂ ನಕ್ಕುಕೊಂಡು ಹೊಸ್ತಿಲು ದಾಟುತ್ತಿದ್ದಳು.

‘ನೋಡು’ ಎಂದ. ಕೆಮ್ಮಿ ಮುಂದುವರಿಸಿದ. ‘ಕೇಳಿದ್ರೂ ನಾನು ಹೋಗಿ ಬಾ ಅಂತಲೇ ಅಂತಿದ್ದೆ.’

ಟಕ್.

ಅದು ನಿಜವಾಗಿತ್ತು. ನಿಜವೆಂದೇ ಅವನು ನಂಬಿದ್ದ. ಅವಳ ಕಣ್ಣು ಅವನ ಮೇಲಿರಲಿಲ್ಲ, ಸ್ಟುಡಿಯೋದಲ್ಲಿ ಕೇಳುವವರು ಕೂರುವ ಹಾಗೆ, ತಲೆ ತಗ್ಗಿಸಿ, ಮುಂದೆ ಪುಸ್ತಕವಿದೆಯೆಂಬಂತೆ ಮೇಜು ನೋಡುತ್ತಿದ್ದಳು. ಅವನು ತುಟಿ ಒದ್ದೆ ಮಾಡಿಕೊಂಡು ಇನ್ನೂ ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದ. ‘ಕೇಳಿದ್ರೂ ನಾನು ಹೋಗಿ ಬಾ ಅಂತಲೇ ಅಂತಿದ್ದೆ ಕಣೇ.’

ಟಕ್.

ಎಲ್ಲಿ ತಪ್ಪುತ್ತಿದೆ ಎಂದು ಹೇಳುವ ಪದ್ಧತಿ ಇರಲಿಲ್ಲ. ಹೊರಗೆ ಬೆಳಕು ಕಂದುತ್ತಿತ್ತು, ದೀಪ ಹಾಕಲು ಇಬ್ಬರೂ ಏಳಲಿಲ್ಲ. ಅವನು ಉಸಿರು ತೆಗೆದುಕೊಂಡು ವಾಕ್ಯದ ಮೊದಲಿನಿಂದ ಶುರುಮಾಡಿದ.